ಮೂರು ವಾರದ ಹಸಿರು

ಮೇ 6

ಮೆಣಸಿನಕಾಯಿಗೆ,

ಅಕ್ಷರ ನೋಡಿದ ಕೂಡಲೇ ಇದು ಅಮ್ಮನದೆಂದು ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಮೊದಲು ಚೀಲ ಬಿಚ್ಚಿ ನೋಡು, ಆಮೇಲೆ ಹರಿ. ಏಳು ವರ್ಷದಿಂದ ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಂಚೆಯವನು ಹಾಗಲ್ಲ, ಕೈಗೆ ಕೊಟ್ಟೇ ಹೋಗುತ್ತಾನೆ.

ಚೀಲದಲ್ಲಿರುವುದು ಭತ್ತದ ಬೀಜ. ಇನ್ನೂ ಹೆಸರಿಟ್ಟಿಲ್ಲ, ನಂಬರು ನಲವತ್ತೇಳು. ಹನ್ನೊಂದು ವರ್ಷದಿಂದ ಈ ಸಂಶೋಧನಾ ಕೇಂದ್ರದಲ್ಲಿ ನಾನು ಏನು ಮಾಡುತ್ತೇನೆಂದು ನೀನು ಕೇಳಿದವಳಲ್ಲ, ನಾನೇ ಹೇಳುತ್ತೇನೆ. ಗಾಜಿನಮನೆಯೊಳಗೆ ತಟ್ಟೆಗಳಲ್ಲಿ ಸಸಿ ಎಬ್ಬಿಸಿ ಅವಕ್ಕೆ ಉಪ್ಪುನೀರು ಕೊಡುತ್ತೇವೆ. ಪಾಪ, ಬುಡದಲ್ಲಿ ನೀರು ನಿಂತಿದ್ದರೂ ಬಾಯಾರಿ ಸೊರಗುತ್ತವೆ. ಆ ನೀರನ್ನು ಎಳೆದುಕೊಳ್ಳುವ ಶಕ್ತಿ ಬೇರಿಗೆ ಇರುವುದಿಲ್ಲ. ಆಮೇಲೆ ಉಪ್ಪು ಮೈಯೊಳಗೆ ಹೊಕ್ಕು ಗರಿಯ ತುದಿಯಿಂದ ಸುಡುತ್ತಾ ಬರುತ್ತದೆ. ನಾನು ಬಗ್ಗಿ ಒಂದೊಂದಕ್ಕೂ ಅಂಕ ಹಾಕುತ್ತೇನೆ. ಹಸಿರಿದ್ದರೆ ಒಂದು, ಸತ್ತರೆ ಒಂಬತ್ತು. ಮೂರು ವಾರಕ್ಕೆ ಮುಗಿಯಿತು, ತಟ್ಟೆ ತೊಳೆದು ಮುಂದಿನ ತಳಿ. ಹನ್ನೊಂದು ವರ್ಷದಲ್ಲಿ ಸೊಂಟ ಬಗ್ಗಿದ್ದೇ ಬಂತು, ಒಂದು ಎಂಬ ಅಂಕ ಬರೆದದ್ದು ಬೆರಳೆಣಿಕೆಯಷ್ಟು. ಈ ನಲವತ್ತೇಳು ಇಪ್ಪತ್ತೊಂದನೇ ದಿನವೂ ಏನೂ ಆಗಿಲ್ಲವೆಂಬಂತೆ ಹಸಿರಾಗಿ ನಿಂತಿತ್ತು. ನಾನು ಒಂದು ಹಾಕಿ, ನಂಬಿಕೆ ಬಾರದೆ ಮತ್ತೆ ಬಗ್ಗಿ ನೋಡಿ, ಮತ್ತೆ ಒಂದೇ ಹಾಕಿದೆ.

ಕೇಂದ್ರದ ಬೀಜ ಹೊರಗೆ ಹೋಗಬಾರದೆಂದು ನಿಯಮ, ಬೀಗದ ಕೈ ಮಾತ್ರ ನನ್ನ ಹತ್ತಿರವೇ ಇರುತ್ತದೆ. ಸಿಹಿನೀರಿನಲ್ಲಿ ಬೆಳೆದ ಬೀಜದ ಡಬ್ಬದಿಂದ ನಾಲ್ಕು ದಿನ ಹಿಡಿಹಿಡಿಯಾಗಿ ತೆಗೆದೆ. ಕಳ್ಳತನವೆನ್ನು, ಬೇಜಾರಿಲ್ಲ. ತಗ್ಗಿನ ಗದ್ದೆಗೆ ಹಾಕು. ಒಂದು ಗುಣಿಗೆ ಒಂದೇ ಸಸಿ ನೆಟ್ಟರೆ ಎರಡು ಮಡಿಗೂ ಸಾಕಾಗಿ ಮಿಗುತ್ತದೆ.

ನೀನು ಒಪ್ಪಲಿ ಬಿಡಲಿ, ನಿನ್ನ
ಅಮ್ಮ


ಮೇ 19

ಅಮ್ಮನಿಗೆ,

ಚೀಲ ಬಂತು. ಮೂಲೆ ತೂತಾಗಿತ್ತು, ಒಂದೆರಡು ಹಿಡಿ ದಾರಿಯ ಪಾಲು. ಉಳಿದದ್ದನ್ನು ಹಾಕುತ್ತೇನೆ. ನಿನಗಾಗಿ ಅಲ್ಲ.

ನೀನು ಹೋದ ವರ್ಷ ಒಡ್ಡು ಒಡೆದು ನುಗ್ಗಿದ ಸಮುದ್ರ ಹಿಂದಕ್ಕೆ ಹೋಯಿತು, ಉಪ್ಪು ಹೋಗಲಿಲ್ಲ. ಬೇಸಿಗೆಯಲ್ಲಿ ತಗ್ಗು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ತಗ್ಗಿನಲ್ಲಿ ಗದ್ದೆ ಇರುವುದು ಹತ್ತು ಮನೆಗೆ. ಒಡ್ಡನ್ನು ನಾವೇ ಕಡಿದು, ಉಪ್ಪುನೀರು ಬಿಟ್ಟುಕೊಂಡು ಮೀನು ಸಾಕೋಣ ಎಂದು ಆರು ಮನೆಯವರು ಹೇಳುತ್ತಿದ್ದಾರೆ. ಒಮ್ಮೆ ಕಡಿದರೆ ನನ್ನ ಎರಡು ಮಡಿಯೂ ನೀರಿನೊಳಗೆ. ಅಪ್ಪ ಕೊನೆಯವರೆಗೂ ಮೇಲಿನ ಉಪ್ಪು ಕೆರೆದು ಕೆರೆದು ಹೊರಗೆ ಹೊತ್ತದ್ದು ಆ ಎರಡು ಮಡಿಯಿಂದಲೇ. ಸಭೆಯಲ್ಲಿ ಎದ್ದು ನಿಂತು, ಇದೊಂದು ಬೆಳೆ ನೋಡಿ, ಕೊಯ್ಲಾದ ಮೇಲೆ ಕೈ ಎತ್ತಿ ಎಂದೆ. ತೂಬು ನೋಡಿಕೊಳ್ಳುವ ಮಾವ, “ಹಾಕೋಕೆ ಏನಿದೆ ನಿನ್ ಹತ್ರ? ಹೋದ್ ಸಲ ಹುಲ್ಲೂ ಬರ್ಲಿಲ್ಲ” ಅಂದರು. ಏನೂ ಇರಲಿಲ್ಲ. ಮಾರನೇ ದಿನ ನಿನ್ನ ಚೀಲ ಬಂತು.

ಫೋನ್ ಮಾಡಬೇಡ. ಬೆಳೆ ವಿಷಯ ಇದ್ದರೆ ಬರೆ. ಅದಕ್ಕೆ ಮಾತ್ರ ಉತ್ತರ ಬರುತ್ತದೆ.

ಮಗಳು


ಜೂನ್ 1

ಮೆಣಸಿನಕಾಯಿಗೆ,

ಅಷ್ಟು ಸಂದು ಸಾಕು ನನಗೆ. ಬೆರಳು ತೋರಿಸಿದರೆ ಹಸ್ತ ನುಂಗುವವಳೆಂದು ನಿನ್ನಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

ಬೆಳೆ ವಿಷಯ ಕೇಳು. ಮಳೆನೀರನ್ನು ಗದ್ದೆಯಲ್ಲಿ ಮೂರು ದಿನ ನಿಲ್ಲಿಸು, ಸಮುದ್ರ ಇಳಿದಾಗ ತೂಬು ಎತ್ತಿಸಿ ಹೊರಗೆ ಬಿಡು. ಮೂರು ಸಲ ಹಾಗೆ ತೊಳೆ. ಸಸಿಮಡಿ ಮೇಲಿನ ಜಾಗದಲ್ಲಿ ಮಾಡು. ಎಳೆಯದನ್ನು ಕೀಳಬೇಡ, ಒಂದು ತಿಂಗಳು ಬಲಿತದ್ದನ್ನು ನೆಡು; ಬಲಿತದ್ದು ಉಪ್ಪಿಗೆ ಬೇಗ ಸೋಲುವುದಿಲ್ಲ.

ನೆಟ್ಟ ಮೇಲೆ ಕೆಳಗಿನ ಎಲೆ ಹಳದಿಯಾಗಿ ಒಣಗಿದರೆ ಹೆದರಬೇಡ. ಇದರ ಗುಟ್ಟೇ ಅದು. ಒಳಗೆ ಬಂದ ಉಪ್ಪನ್ನೆಲ್ಲ ಹಳೇ ಎಲೆಗೆ ತಳ್ಳುತ್ತದೆ, ಸುಳಿಗೆ ತಾಗಗೊಡುವುದಿಲ್ಲ. ಹಳೇ ಎಲೆ ಎಲ್ಲವನ್ನೂ ನುಂಗಿಕೊಂಡು ಉದುರುತ್ತದೆ, ಎಳೇ ಎಲೆ ಹಸಿರಾಗಿರುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನಿನ್ನ ನೆನಪಾಗಿ ಊಟದ ಡಬ್ಬಿ ಹಾಗೇ ಮುಚ್ಚಿದೆ.

ಕೂತಲ್ಲಿ ಕೂರಲು ಆಗುತ್ತಿಲ್ಲ. ಬೀಜ ಹಾಕಿದ್ದೀಯಾ, ಮೊಳಕೆ ಬಂತಾ, ಹಕ್ಕಿ ತಿಂದವಾ? ಬೇಗ ಬರೆ.

ಅಮ್ಮ


ಜುಲೈ 14

ಅಮ್ಮನಿಗೆ,

ಜೂನ್ ಎಂಟಕ್ಕೆ ಬಿತ್ತಿ, ಜುಲೈ ಐದಕ್ಕೆ ನೆಟ್ಟೆ. ಮೂರು ಸಲ ತೊಳೆದೆ. ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ, ಕಣ್ಣೀರಿನಷ್ಟು ಉಪ್ಪಿದೆ, ಸಮುದ್ರದಷ್ಟಿಲ್ಲ.

ಕೆಳಗಿನ ಎಲೆ ನೀನು ಹೇಳಿದ ಹಾಗೇ ಒಣಗಿತು, ಸುಳಿ ಹಸಿರಿದೆ. ಪಕ್ಕದವರ ಮಡಿಯ ಹಳೇ ತಳಿ ಒಂಬತ್ತು ದಿನಕ್ಕೆ ಕೆಂಪಾಗಿ ಕೂತಿತು. ಮಿಕ್ಕ ಸಸಿಯನ್ನು ಎದುರು ಮನೆಯ ಅಕ್ಕನಿಗೆ ಕೊಟ್ಟೆ, ಅವಳಿಗಿರುವುದು ಅಂಗೈಯಗಲದ ಗದ್ದೆ, ಅದೊಂದೇ. ಗಂಡ ಇಲ್ಲ, ಮೇಲೆ ಜಾಗವೂ ಇಲ್ಲ.

ಇನ್ನೊಂದು ಮಾತು. ಹಳೇ ಎಲೆ, ಎಳೇ ಎಲೆ ಅಂತ ಬರೆದಿದ್ದೆಯಲ್ಲ. ಹಳೇ ಎಲೆ ಗಿಡ ಬಿಟ್ಟು ಊರು ಸೇರುವುದಿಲ್ಲ ಅಮ್ಮ, ಅಲ್ಲೇ ಅಂಟಿಕೊಂಡಿದ್ದು ಒಣಗುತ್ತದೆ. ನನ್ನನ್ನು ಎಲೆ ಮಾಡಬೇಡ.

ಮಗಳು


ಜುಲೈ 22

ಮೆಣಸಿನಕಾಯಿಗೆ,

ಬೈಸಿಕೊಂಡೆ. ಸರಿಯಾಗಿಯೇ ಬೈದೆ. ಆದರೂ ಹಸಿರಿದೆ ಎಂಬ ಒಂದು ಪದವನ್ನು ಎಂಟು ಸಲ ಓದಿದೆ. ಕಾಗದವನ್ನು ಕೆಲಸದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. “ಏನಮ್ಮ, ಮುಖ ಅರಳಿದೆ, ಮಗಳ ಮದುವೆ ಗೊತ್ತಾಯ್ತಾ?” ಎಂದು ಕ್ಯಾಂಟೀನಿನವಳು ಕೇಳಿದಳು. ಅದಕ್ಕಿಂತ ದೊಡ್ಡದು ಎಂದೆ.

ಇಲ್ಲಿ ಒಂದು ಹೊಸದು. ಗಾಜಿನಮನೆಯ ಮುಖ್ಯಸ್ಥೆ, ನಾವೆಲ್ಲ ದೊಡ್ಡ ಮೇಡಂ ಅನ್ನುತ್ತೇವೆ, ನಲವತ್ತೇಳನ್ನು ಈ ಸಲ ಮೂರು ವಾರಕ್ಕೆ ನಿಲ್ಲಿಸದೆ ಕುಂಡದಲ್ಲಿ ತೆನೆಯವರೆಗೂ ಉಪ್ಪುನೀರಿನಲ್ಲೇ ಬೆಳೆಸುತ್ತಿದ್ದಾರೆ. ಕುಂಡದವು ನಿನ್ನವಕ್ಕಿಂತ ಒಂದು ತಿಂಗಳು ದೊಡ್ಡವು. ಹೊಡೆ ತುಂಬಿ ನಿಂತಿವೆ, ಇನ್ನೇನು ತೆನೆ ಹೊರಬೀಳಬೇಕು. ಇಷ್ಟು ವರ್ಷದಲ್ಲಿ ಉಪ್ಪಿನಲ್ಲಿ ಬೆಳೆದ ತೆನೆಯನ್ನು ನಾನು ನೋಡುತ್ತಿರುವುದು ಇದೇ ಮೊದಲು. ಮೊದಲ ತೆನೆ ತುಂಬಿ ಬಗ್ಗಿದ ದಿನವೇ ಬರೆಯುತ್ತೇನೆ.

ಅಮ್ಮ


ಆಗಸ್ಟ್ 10

ಮಗಳೇ,

ಕುಂಡದ ತೆನೆಗಳು ಹೊರಗೆ ಬಂದು ಹದಿನೈದು ದಿನವಾಯಿತು. ತಲೆ ಬಗ್ಗಿಸಬೇಕಿತ್ತು, ಬಗ್ಗಿಸಲಿಲ್ಲ. ಇವತ್ತು ಬೆಳಿಗ್ಗೆ ಒಂದು ತೆನೆ ಹಿಡಿದು ಹಿಸುಕಿದೆ. ಜೊಳ್ಳು. ಇನ್ನೊಂದು ಹಿಸುಕಿದೆ, ಜೊಳ್ಳು. ಕೆಳಗೆ ಗಿಡ ಹಸಿರೋ ಹಸಿರು, ಮೇಲೆ ಕಾಳಿಲ್ಲ. ದೊಡ್ಡ ಮೇಡಂ, “ನಂಗೆ ಇದೇ ಭಯ ಇತ್ತು. ಸಸಿ ತಡ್ಕೊಳ್ಳೋದೇ ಬೇರೆ, ಹೂವು ತಡ್ಕೊಳ್ಳೋದೇ ಬೇರೆ. ಹೂವಿನ ಪುಡಿ ಉಪ್ಪಿಗೆ ಸತ್ತು ಹೋಗುತ್ತೆ” ಎಂದು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಹೊಡೆ ಕಟ್ಟುವ ಹೊತ್ತಿನಿಂದ ಹೂವು ಮುಗಿಯುವವರೆಗೆ ಸಿಹಿನೀರು ಕೊಟ್ಟಿದ್ದರೆ ಕಾಳು ಕಟ್ಟುತ್ತಿತ್ತಂತೆ. ನಿನ್ನ ಗದ್ದೆಯಲ್ಲಿ ಈಗ ಹೊಡೆ ಕಟ್ಟುವ ಸಮಯ. ಎಲ್ಲಾದರೂ ಸಿಹಿನೀರು

(ಇಷ್ಟಕ್ಕೇ ನಿಂತಿದೆ. ಅಂಚೆಗೆ ಹಾಕಲಿಲ್ಲ.)


ಆಗಸ್ಟ್ 12

ಅಮ್ಮಾ,

ಸುಮ್ಮನೆ ಬರೆಯುತ್ತಿದ್ದೇನೆ, ನಿನ್ನ ಕಾಗದಕ್ಕೆ ಕಾಯದೆ.

ಗದ್ದೆ ನೋಡಲು ಜನ ಬರುತ್ತಿದ್ದಾರೆ. ಒಡ್ಡಿನ ಮೇಲೆ ನಿಂತರೆ ಸುತ್ತ ಬೂದು, ನಡುವೆ ನಮ್ಮ ಎರಡು ಮಡಿ, ಅಕ್ಕನ ಒಂದು ತುಂಡು ಹಸಿರು. ತೂಬಿನ ಮಾವ ನಿನ್ನೆ ಬಂದು ಚಪ್ಪಲಿ ಬಿಚ್ಚಿ ಗದ್ದೆಗಿಳಿದು, ಗರಿ ಮುಟ್ಟಿ, “ನಿಮ್ಮಮ್ಮ ಓದಿದ್ದು ಎಷ್ಟನೇ ಕ್ಲಾಸು?” ಅಂದರು. ಏಳು ಅಂದೆ. “ಸಾಕು ಬಿಡು” ಅಂದರು. ನನಗೆ ನಗು ಬಂತು. ಆರು ಮನೆಯಲ್ಲಿ ಎರಡು ಮನೆಯವರು, ಕಾಳು ಬಂದರೆ ಒಡ್ಡು ಕಡಿಯೋದು ಬೇಡ ಎನ್ನುತ್ತಿದ್ದಾರೆ. ಎರಡು ಕೈ ಈಚೆ ಬಂದರೆ ಸಾಕು, ನಾವು ಉಳಿದೆವು.

ಕೇಳಬೇಕಾದದ್ದು ಒಂದಿದೆ. ಮೇಲಿನ ಹೊಂಡದಲ್ಲಿ ಮಳೆನೀರು ತುಂಬಿ ನಿಂತಿದೆ, ಸಿಹಿನೀರು. ತರಕಾರಿಯವರು ಕೇಳುತ್ತಿದ್ದಾರೆ. ಅದರ ಮೇಲೆ ಮೊದಲ ಹಕ್ಕು ತಗ್ಗಿನವರದು, ಈ ಸಲ ಅಲ್ಲಿ ಬೆಳೆ ನಿಂತಿರುವುದು ನಮ್ಮದೇ, ನಾನು ಬೇಡ ಅಂದರೆ ಮಾತ್ರ ಅವರಿಗೆ. ನಲವತ್ತೇಳಕ್ಕೆ ಈ ನೀರು ಬೇಕಾಗುತ್ತದಾ? ಸುಮ್ಮನೆ ಹಿಡಿದಿಟ್ಟುಕೊಂಡು ಅವರ ಬದನೆಕಾಯಿ ಒಣಗಿಸುವುದು ನನಗಿಷ್ಟವಿಲ್ಲ. ಬೇಗ ಬರೆ.

ಅಪ್ಪ ಇದನ್ನು ನೋಡಬೇಕಿತ್ತು.

ಮಗಳು


ಆಗಸ್ಟ್ 18

ಮೆಣಸಿನಕಾಯಿಗೆ,

ನಿನ್ನ ಕಾಗದ ಬಂತು. ಅಮ್ಮಾ ಎಂದು ದೀರ್ಘ ಎಳೆದು ಬರೆದಿದ್ದೀಯ. ಎಷ್ಟು ವರ್ಷವಾಯಿತು!

ಇಲ್ಲಿ ಗಾಜು ತೊಳೆಯುವ ಗಲಾಟೆ. ಹತ್ತು ಜನ ಏಣಿ ಹಾಕಿಕೊಂಡು ಕೂತಿದ್ದಾರೆ, ಕೆಳಗೆ ಓಡಾಡುವ ಹಾಗಿಲ್ಲ. ನನ್ನ ಎಡಮಂಡಿ ಹಟ ಹಿಡಿದಿದೆ. ಕ್ಯಾಂಟೀನಿನವಳು ಕೆಲಸ ಬಿಟ್ಟಳು, ಹೊಸಬಳಿಗೆ ಚಹಾ ಮಾಡಲು ಬರುವುದಿಲ್ಲ. ತೂಬಿನ ಮಾವ ಹೇಳಿದ್ದು ಓದಿ ನಾನೂ ನಕ್ಕೆ. ಹೊಂಡದ ವಿಷಯ ನಿನಗೆ ತಿಳಿದ ಹಾಗೆ ಮಾಡು. ಸ್ಥಳದಲ್ಲಿರುವವಳು ನೀನು.

ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಆಗಸ್ಟ್ 29

ಮಗಳೇ,

ಇದರ ಜೊತೆ ಹತ್ತನೇ ತಾರೀಖಿನ ಅರ್ಧ ಕಾಗದ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ? ಹತ್ತೊಂಬತ್ತು ದಿನದಿಂದ ನನಗೆ ಗೊತ್ತಿದೆ. ನೀನು ಹೊಂಡದ ನೀರು ಬೇಕಾ ಎಂದು ಕೇಳಿದಾಗಲೂ ಗೊತ್ತಿತ್ತು. ಕುಂಡಕ್ಕೆ ಕೊಡುವ ನೀರು ಗದ್ದೆಯದಕ್ಕಿಂತ ಕಟು, ಗದ್ದೆಗೆ ಮಳೆ ಬೀಳುತ್ತದೆ, ಕುಂಡದ ಹಾಗೆ ಆಗಲಿಕ್ಕಿಲ್ಲ ಎಂದು ನನಗೆ ನಾನೇ ದಿನಾ ಹೇಳಿಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಿನಗೆ ಕಲಿಸಿದವಳು ನಾನೇ, ಹಸಿರಿಗೆ ಮರುಳಾದೆ. ಹನ್ನೊಂದು ವರ್ಷ ಮೂರು ವಾರದ ಸಸಿಗೆ ಅಂಕ ಹಾಕಿ ಹಾಕಿ, ಅದರಾಚೆ ಗಿಡಕ್ಕೆ ಬದುಕಿದೆ ಎಂಬುದೇ ಮರೆತುಹೋಗಿತ್ತು.

ನಿನ್ನೆ ಮಧ್ಯಾಹ್ನ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತಲಿಲ್ಲವೆಂದು ನನಗೆ ಸಮಾಧಾನವಾಯಿತು. ಆ ಸಮಾಧಾನ ನೋಡಿ ನನಗೇ ಅಸಹ್ಯವಾಗಿ ಇದನ್ನು ಬರೆಯಲು ಕೂತೆ.

ಹೊಂಡದಲ್ಲಿ ನೀರು ಉಳಿದಿದ್ದರೆ ಈ ಕ್ಷಣವೇ ಬಿಡು. ಗದ್ದೆಯ ನೀರು ಹೊರಹಾಕಿ ಸಿಹಿನೀರು ನಿಲ್ಲಿಸು. ಹೂವು ಮುಗಿಯುವವರೆಗೆ ತೂಬು ಎತ್ತಲು ಬಿಡಬೇಡ.

ಅಮ್ಮ


ಸೆಪ್ಟೆಂಬರ್ 4

ಕಾಗದ ಮೊನ್ನೆ ಸಿಕ್ಕಿತು. ತಿಳಿದ ಹಾಗೆ ಮಾಡು ಅಂದಿದ್ದೆಯಲ್ಲ, ನನಗೆ ತಿಳಿದದ್ದೇನು? ನೀರನ್ನು ಆಗಸ್ಟ್ ಇಪ್ಪತ್ಮೂರಕ್ಕೆ ತರಕಾರಿಯವರಿಗೆ ಕೊಟ್ಟಾಗಿತ್ತು. ತಳದಲ್ಲಿ ಮೊಣಕಾಲುದ್ದ ಉಳಿದಿತ್ತು.

ಎಲ್ಲರನ್ನೂ ಕರೆದು ಹೇಳಿದೆ. ಕದ್ದ ಬೀಜ, ನಮ್ಮಮ್ಮ ಕಳಿಸಿದ್ದು, ಕಾಳು ಕಟ್ಟುವುದಿಲ್ಲ ಅಂತ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇರೋ ನೀರು ಒಂದೇ ಮಡಿಗೆ ಆಗೋದು. ನಿಂದಕ್ಕೆ ಬಿಡ್ಲಾ?” ಎಂದು ತೂಬಿನ ಮಾವ ಕೇಳಿದರು. ಅಕ್ಕ ಕೈಯಲ್ಲಿ ಸೆರಗು ತಿರುಚುತ್ತಾ ನಿಂತಿದ್ದಳು. ಅವಳ ತುಂಡಿಗೆ ಬಿಡಿಸಿದೆ. ಸಸಿ ಕೊಟ್ಟವಳು ನಾನು.

ಅಪ್ಪ ಮಲಗಿದ್ದಾಗಲೂ ನೀನು ಹೀಗೇ ಮಾಡಿದೆ. ಬಾ ಎಂದು ಹೇಳಿಕಳಿಸಿದ ಹದಿನೈದು ದಿನಕ್ಕೆ ಬಂದೆ. ಅವರು ಹೋದ ಮರುದಿನ. ರಜೆ ಸಿಗಲಿಲ್ಲ ಅಂದೆ. ಬೀಜ ಜೊಳ್ಳಾದದ್ದಕ್ಕೆ ನನಗೆ ಸಿಟ್ಟಿಲ್ಲ. ಗಿಡದ ಕೈಯಲ್ಲಿ ಆಗದ್ದು ಆಗಲಿಲ್ಲ. ನೀನು ಗೊತ್ತಿದ್ದೂ ಚಹಾದ ವಿಷಯ ಬರೆದೆ.


ಸೆಪ್ಟೆಂಬರ್ 11

ಮಗಳೇ,

ಸಹಿ ಇಲ್ಲದ ಕಾಗದ ಬಂತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ದೊಡ್ಡ ಮೇಡಂ ಮುಂದೆ ಹೋಗಿ ಬೀಜ ಕದ್ದದ್ದು ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಒಂದು ಮಾತು ನನ್ನ ಕೇಳಿದ್ರೆ ಆಗ್ತಿತ್ತಲ್ಲಮ್ಮ. ಹೂವು ನೋಡದೆ ಕೊಡಬಾರದು ಅಂತಾನೇ ಬೀಗ ಹಾಕಿಟ್ಟಿದ್ದೆ” ಅಂದರು. ಈಗ ನನಗೆ ಗಾಜಿನಮನೆಗೆ ಪ್ರವೇಶವಿಲ್ಲ. ಹಿಂದಿನ ಶೆಡ್ಡಿನಲ್ಲಿ ಮಣ್ಣು ಕುಟ್ಟಿ ಜರಡಿ ಹಿಡಿಯುತ್ತೇನೆ. ಇದು ಶಿಕ್ಷೆಯೇನೂ ಅಲ್ಲ, ಕೈಗೆ ಕೆಲಸ ಇದೆ.

ಈಗ ರಜೆಯ ವಿಷಯ. ರಜೆ ಸಿಕ್ಕಿತ್ತು. ಕೇಳಿದ ದಿನವೇ ಕೊಟ್ಟಿದ್ದರು. ಚೀಲ ತುಂಬಿಕೊಂಡು ಬಸ್ ನಿಲ್ದಾಣದವರೆಗೆ ಮೂರು ಸಲ ಹೋಗಿ ವಾಪಸು ಬಂದೆ. ಒಂದು ಬೆಳೆಯ ಮಟ್ಟಿಗೆ ದುಡಿದು ಬರುತ್ತೇನೆಂದು ಹೇಳಿ ಹೊರಟು ನಾಲ್ಕು ವರ್ಷ ಬಾರದವಳು, ನಿನ್ನಪ್ಪನ ಮುಖ ಹೇಗೆ ನೋಡಲಿ ಎಂದು ಕಾಲು ಬರಲಿಲ್ಲ. ಆ ಉಪ್ಪು ನೆಲದಲ್ಲಿ ಸತ್ತುಹೋಗುತ್ತೇನೆಂದು ಹೆದರಿ ಹೊರಟವಳು ನಾನು. ಅವರು ಹೆದರಲಿಲ್ಲ, ನೀನೂ ಹೆದರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಈ ಸಲವೂ ಹೆದರಿಕೆಯೇ. ಬೆಳೆ ಚೆನ್ನಾಗಿದ್ದರೆ ನಿನ್ನಿಂದ ಕಾಗದ ಬರುತ್ತದೆ, ಕೆಟ್ಟರೆ ನಿಲ್ಲುತ್ತದೆ. ಹತ್ತೊಂಬತ್ತು ದಿನ ನಾನು ಕಾಯ್ದುಕೊಂಡದ್ದು ಅದನ್ನು. ನಿನ್ನ ಗದ್ದೆ ಕೊಟ್ಟು ಒಂದು ಕಾಗದ ಕೊಂಡುಕೊಂಡೆ. ತಪ್ಪು ಎನ್ನಲು ಆ ಪದ ಚಿಕ್ಕದಾಯಿತು.

ಅಮ್ಮ


ಅಕ್ಟೋಬರ್ 20

ಅಮ್ಮನಿಗೆ,

ಕೊಯ್ಲು ಮುಗಿಯಿತು. ಎರಡು ಮಡಿ ಸೇರಿ ತೂರಿದಾಗ ಹೊಟ್ಟೇ ಹಾರಿತು, ಕೆಳಗೆ ಬಿದ್ದ ಕಾಳು ಒಂದು ಮೊರದಷ್ಟು. ಅಕ್ಕನ ತುಂಡಿನಲ್ಲಿ ಅರ್ಧಕ್ಕರ್ಧ ಕಾಳು ಕಟ್ಟಿತ್ತು. ಅವಳ ಮನೆಗೆ ಐದಾರು ತಿಂಗಳಿಗೆ ಆದೀತು. ನೀರು ಸಮಯಕ್ಕೆ ಬಿಟ್ಟಿದ್ದರೆ ಮೂರೂ ಮಡಿಯಲ್ಲಿ ಬರುತ್ತಿತ್ತು ಎಂಬುದು ಅದನ್ನು ನೋಡಿ ಎಲ್ಲರಿಗೂ ಗೊತ್ತಾಯಿತು.

ಸಭೆ ಮೊನ್ನೆ ಆಯಿತು. ಮುಂದಿನ ವರ್ಷ ಹೊಂಡದ ನೀರು ಹಿಡಿದಿಟ್ಟು ಮತ್ತೆ ಹಾಕೋಣ ಎಂದೆ. ಅಕ್ಕ ಎದ್ದು, “ನನ್ ಗದ್ದೆ ನೋಡಿದ್ರಲ್ಲ, ಇನ್ನೊಂದ್ ವರ್ಷ ತಡೀರಿ” ಎಂದಳು. ಅವಳು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಈಚೆ ಬರಬೇಕಿದ್ದ ಎರಡು ಮನೆಯವರು ನನ್ನ ಮುಖ ನೋಡದೆ ಆಚೆಗೇ ಕೈ ಎತ್ತಿದರು. ಆರು, ನಾಲ್ಕು. ಅವರದು ತಪ್ಪಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕು. ನಿನ್ನೆ ಒಡ್ಡು ಕಡಿದರು. ನೀರು ಬರುವುದನ್ನು ಪೂರ್ತಿ ನಿಂತು ನೋಡಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬೆಳೆ ವಿಷಯ ಇಷ್ಟೇ. ಮುಗಿಯಿತು.

ಮಗಳು


ಅಕ್ಟೋಬರ್ 27

ಮಗಳೇ,

ಓದಿದೆ. ಅಳಲು ನನಗೆ ಹಕ್ಕಿಲ್ಲ, ಆದರೂ ಅತ್ತೆ. ಬೆಳೆ ವಿಷಯ ಇದ್ದರೆ ಮಾತ್ರ ಬರೆ ಎಂದಿದ್ದೆಯಲ್ಲ. ಇನ್ನು ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಅಂಚೆಯವನು ಈ ಶೆಡ್ಡಿಗೆ ಬರುವುದಿಲ್ಲ, ಆದರೂ ಹನ್ನೊಂದು ಗಂಟೆಗೆ ಜರಡಿ ಕೆಳಗಿಟ್ಟು ಗೇಟಿನವರೆಗೆ ಹೋಗಿ ಬರುತ್ತೇನೆ. ಅಭ್ಯಾಸ. ಅದಕ್ಕೆ ಬೈಯಬೇಡ.

ಅಮ್ಮ


ಡಿಸೆಂಬರ್ 9

ಅಮ್ಮಾ,

ಕೆಳಗಿನ ಬಲಗಡೆಯ ಹಲ್ಲು ಕೀಳಿಸಿದೆ. ಮೂರು ದಿನ ಗಂಜಿ. ಹಲ್ಲಿನ ಡಾಕ್ಟರು ಚಿಕ್ಕ ಹುಡುಗಿ, ಕೀಳುವಾಗ ನನಗಿಂತ ಅವಳೇ ಹೆಚ್ಚು ಕಣ್ಣು ಮುಚ್ಚಿಕೊಂಡಳು. ಕೂದಲು ಕುತ್ತಿಗೆಯವರೆಗೆ ಕತ್ತರಿಸಿಬಿಟ್ಟೆ. ಎದುರು ಮನೆಯ ಅಕ್ಕ, “ಹೇಳದೇ ಇದ್ದಿದ್ರೆ ಯಾರೋ ಗಂಡಸು ಬಂದ ಅಂತ ಕೋಲು ತಗೋತಿದ್ದೆ” ಅಂದಳು. ಅವಳ ಜೊತೆ ಪಟ್ಟಣದಲ್ಲಿ ಹೊಲಿಗೆಯ ಕೆಲಸಕ್ಕೆ ಹೋಗುತ್ತಿದ್ದೇನೆ, ದಿನ ಬಿಟ್ಟು ದಿನ. ಗುಂಡಿ ಹಾಕುವುದು ನನ್ನ ಪಾಲಿಗೆ ಬಂದಿದೆ. ಎಷ್ಟು ಗುಂಡಿ ಹಾಕಿದರೂ ಅಂಗಿ ತೊಡುವವರು ಒಂದನ್ನು ಕಿತ್ತೇ ಕೀಳುತ್ತಾರೆ ಎಂದು ಅಲ್ಲಿನ ಯಜಮಾನಿ ಗೊಣಗುತ್ತಾಳೆ. ತೂಬಿನ ಮಾವನಿಗೆ ಈಗ ಎತ್ತಲು ತೂಬಿಲ್ಲ, ಬೆಳಿಗ್ಗೆ ಎದ್ದು ನಮ್ಮ ಬಾಗಿಲಿಗೆ ಬಂದು ಕೂತು ಇಡೀ ಊರನ್ನು ಬೈಯುತ್ತಾರೆ. ಚಹಾ ಕೊಟ್ಟರೆ ಸಕ್ಕರೆ ಸಾಲದೆಂದು ನನ್ನನ್ನೂ ಬೈಯುತ್ತಾರೆ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಆ ನೀರು ನೋಡಿದಾಗಲೆಲ್ಲ ಹೊಸದಾಗಿ ಬರುತ್ತದೆ. ಹೋಗುತ್ತದೆಂದು ಮಾತು ಕೊಡಲಾರೆ. ಆದರೆ ಸಿಟ್ಟು ಬಂದ ದಿನವೇ ನಿನಗೆ ಹೇಳಬೇಕೆನಿಸುವುದೂ ಜಾಸ್ತಿ. ಒಂದೂವರೆ ತಿಂಗಳು ಸುಮ್ಮನಿದ್ದು ನೋಡಿದೆ, ಆಗಲಿಲ್ಲ.

ಇದರಲ್ಲಿ ಗದ್ದೆಯ ಸುದ್ದಿ ಒಂದೂ ಇಲ್ಲ, ಆದರೂ ಕಾಗದ ಎರಡು ಪುಟ ತುಂಬಿತು. ನೀನೂ ಬರೆ. ಮಂಡಿ ಹೇಗಿದೆ, ಏನು ಅಡುಗೆ ಮಾಡಿಕೊಂಡೆ, ಯಾರ ಜೊತೆ ಜಗಳವಾಡಿದೆ, ಅಷ್ಟೇ ಸಾಕು. ಕೆಟ್ಟ ಸುದ್ದಿ ಇದ್ದರೆ ಅದನ್ನು ಮೊದಲ ಸಾಲಿನಲ್ಲಿ ಬರೆ.

ನಿನ್ನ ಮಗಳು